ಕೆಂಪು ಬಲ್ಬಿನ ಕೋಣೆ

ಕೋಟಿಗಟ್ಟಲೆ ಬೆಲೆಯ ಸೂಕ್ಷ್ಮದರ್ಶಕಗಳನ್ನು ಒಂದೆಡೆ ಇಟ್ಟು, ಸಂಸ್ಥೆಯವರೆಲ್ಲ ಗಂಟೆ ಲೆಕ್ಕದಲ್ಲಿ ಕಾಯ್ದಿರಿಸಿ ಬಳಸುವುದು ಈಗಿನ ರೂಢಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ (ಎನ್‌ಸಿಬಿಎಸ್) ಇಂಥ ಸಾಮೂಹಿಕ ಸೌಲಭ್ಯವಿದೆ. ಯಾವ ಯಂತ್ರ ಕೊಳ್ಳಬೇಕೆಂದು ತೀರ್ಮಾನಿಸಲು ಸಮಿತಿಗಳು ತಿಂಗಳುಗಟ್ಟಲೆ ಕೂರುತ್ತವೆ. ಅದನ್ನು ಇಡುವ ಕತ್ತಲು ಕೋಣೆಯ ವಿಷಯ ಬಂದಾಗ ಮಾತ್ರ ಗೋಡೆಗೆ ಕಪ್ಪು ಬಣ್ಣ ಬಳಿದು, ಮೂಲೆಗೊಂದು ಕೆಂಪು ಬಲ್ಬು ಹಾಕಿ ಕೈತೊಳೆದುಕೊಳ್ಳುವುದು ಹೆಚ್ಚು.

ಈ ಕೆಂಪು ಬಲ್ಬು ಫೋಟೊ ಸ್ಟುಡಿಯೊಗಳ ಕಾಲದ್ದು. ಕಪ್ಪು-ಬಿಳುಪು ಮುದ್ರಣದ ಕಾಗದಕ್ಕೆ ಕೆಂಪು ಕಾಣುತ್ತಿರಲಿಲ್ಲ. ಕತ್ತಲಿಗೆ ಒಗ್ಗಿದ ನಮ್ಮ ಕಣ್ಣಿಗೂ ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಆದರೆ ಇಂದು ನೋಡುವುದು ಕಣ್ಣಲ್ಲ, ಕ್ಯಾಮರಾ. ಸಿಲಿಕಾನ್ ಸಂವೇದಕಕ್ಕೆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಮಾದರಿಗೆ ಹಚ್ಚುವ ಸೈ-5ರಂಥ ಪ್ರತಿದೀಪ್ತ ಬಣ್ಣಗಳು ಹೊಳೆಯುವುದೂ 670 ನ್ಯಾನೊಮೀಟರ್ ಆಸುಪಾಸಿನಲ್ಲೇ. ಹಾಗಾಗಿ ಕತ್ತಲನ್ನು ಕಾಯಲು ಹಾಕಿದ ದೀಪವೇ ಚಿತ್ರದೊಳಗೆ ನುಗ್ಗುತ್ತದೆ. ಹಸಿರು ಬಣ್ಣದ ನಿರ್ಗಮನ ಫಲಕದ್ದೂ ಇದೇ ಕಥೆ: ಹಸಿರು ಪ್ರತಿದೀಪ್ತ ಪ್ರೋಟೀನು (ಜಿಎಫ್‌ಪಿ) ಬೆಳಗುವುದು 509 ನ್ಯಾನೊಮೀಟರಿನ ಸುತ್ತ. ಸುರಕ್ಷತೆಗಾಗಿ ಇಟ್ಟ ಫಲಕವನ್ನು ಆರಿಸುವಂತಿಲ್ಲ, ಆರಿಸಲೂಬಾರದು. ಯಂತ್ರವನ್ನು ಅದರ ನೇರಕ್ಕೆ ಇಡದಿದ್ದರಾಯಿತು. ನಕ್ಷೆ ಬರೆಯುವ ಹಂತದಲ್ಲಿ ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಎಲ್ಲ ಯಂತ್ರಗಳಿಗೂ ಒಂದೇ ಅಳತೆಯ ಕತ್ತಲು ಬೇಕೆಂದು ನಂಬುವುದು ಇನ್ನೂ ದೊಡ್ಡ ತಪ್ಪು. ಮಾರ್ವಿನ್ ಮಿನ್ಸ್ಕಿ 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕಾನ್‌ಫೋಕಲ್ ವಿಧಾನದಲ್ಲಿ ಬೆಳಕು ಸಣ್ಣ ರಂಧ್ರವೊಂದನ್ನು ದಾಟಿಯೇ ಬರಬೇಕು. ಕೋಣೆಯ ಬೆಳಕಿನ ಬಹುಪಾಲು ಅಲ್ಲೇ ನಿಂತುಬಿಡುತ್ತದೆ. 1990ರಲ್ಲಿ ಡೆಂಕ್, ಸ್ಟ್ರಿಕ್ಲರ್ ಮತ್ತು ವೆಬ್ ತೋರಿಸಿಕೊಟ್ಟ ಎರಡು-ಫೋಟಾನ್ ವಿಧಾನಕ್ಕೆ ಆ ರಂಧ್ರ ಬೇಕಿಲ್ಲ. ಅಂಗಾಂಶದೊಳಗೆ ಚದುರಿದ ಬೆಳಕನ್ನೂ ಬಾಚಿಕೊಳ್ಳುವುದೇ ಅದರ ಶಕ್ತಿ, ಅದೇ ಅದರ ದೌರ್ಬಲ್ಯ ಕೂಡ. ಮಸೂರಕ್ಕೆ ಬಿದ್ದ ಬೆಳಕು ಮಾದರಿಯದೋ ಪಕ್ಕದವರ ಮಾನಿಟರಿನದೋ ಎಂದು ಬೆಳಕನ್ನು ಗುರುತಿಸುವ ಅದರ ಪತ್ತೆಕೊಳವೆಗೆ (ಫೋಟೊಮಲ್ಟಿಪ್ಲೈಯರ್) ಗೊತ್ತಾಗದು. ವೋಲ್ಟೇಜು ಏರಿಸಿರುವಾಗ ಯಾರಾದರೂ ಟ್ಯೂಬ್‌ಲೈಟ್ ಹಾಕಿದರೆ ಕೊಳವೆಯೇ ಕೆಡಬಹುದು.

ಆದ್ದರಿಂದ ಒಂದೇ ಹಾಲಿನಲ್ಲಿ ನಾಲ್ಕು ಯಂತ್ರ ನಿಲ್ಲಿಸಿ ನಡುವೆ ಪರದೆ ಇಳಿಬಿಡುವ ವಿನ್ಯಾಸ ನನಗೆ ಒಪ್ಪಿಗೆಯಿಲ್ಲ. ಒಬ್ಬರು ಬಾಗಿಲು ತೆರೆದರೆ ಇನ್ನೊಬ್ಬರ ಇಡೀ ರಾತ್ರಿಯ ದಾಖಲೆಯಲ್ಲಿ ಗೆರೆ ಮೂಡುತ್ತದೆ. ವಿದ್ಯುತ್ ಉಳಿಸಲೆಂದು ಅಳವಡಿಸಿದ, ಮನುಷ್ಯರು ಬಂದೊಡನೆ ತಾನೇ ಹೊತ್ತಿಕೊಳ್ಳುವ ದೀಪಗಳಂತೂ ಇಲ್ಲಿ ಶುದ್ಧ ಕಾಟ. ಎರಡು-ಫೋಟಾನ್ ಯಂತ್ರಕ್ಕೆ ಸ್ವಂತ ಬಾಗಿಲಿನ ಪುಟ್ಟ ಕೋಣೆಯೇ ಬೇಕು, ಅದರ ಸ್ವಿಚ್ಚು ಕೆಲಸ ಮಾಡುವವರ ಕೈಗೆ ಎಟುಕಬೇಕು.

ಉಳಿದವಕ್ಕೆ ಕೋಣೆಯನ್ನೇ ಗವಿ ಮಾಡಬೇಕಾಗಿಲ್ಲ. ಕತ್ತಲು ಬೇಕಿರುವುದು ಮಾದರಿಗೆ, ಮನುಷ್ಯರಿಗಲ್ಲ. ಮಾದರಿಯ ಸುತ್ತ ಕಪ್ಪು ಪೆಟ್ಟಿಗೆ ಕೂರಿಸಿದರೆ ಸಾಕು. ಬಳಸುವವರು ಮಂದ ಬೆಳಕಿನಲ್ಲಿ ಎಡವದೆ, ಗಾಜಿನ ಪಟ್ಟಿ ಒಡೆಯದೆ, ಟಿಪ್ಪಣಿ ಬರೆದುಕೊಂಡು ಕೆಲಸ ಮಾಡಬಹುದು. ಹೊಸ ಕಟ್ಟಡಗಳ ಯೋಜನೆಗಳಲ್ಲಿ ಈ ಅಗ್ಗದ ಪೆಟ್ಟಿಗೆಗೆ ಸಿಗಬೇಕಾದ ಗಮನವೆಲ್ಲ ಗೋಡೆಯ ಬಣ್ಣಕ್ಕೆ ಹೋಗುತ್ತಿದೆ.

ನಿಮ್ಮಲ್ಲಿ ಕ್ಯಾಮರಾ ಜೋಡಿಸಿದ ಸೂಕ್ಷ್ಮದರ್ಶಕವಿದ್ದರೆ ಹೀಗೆ ಮಾಡಿ: ಮಾದರಿಯನ್ನು ಹೊಳೆಯಿಸುವ ಪ್ರಚೋದಕ ಬೆಳಕನ್ನು ಆರಿಸಿ, ಕೋಣೆ ದಿನನಿತ್ಯ ಇರುವಂತೆಯೇ ಇರಲಿ, ಒಂದು ಚಿತ್ರ ತೆಗೆಯಿರಿ. ಆಮೇಲೆ ಮಾದರಿಯನ್ನು ಪೂರ್ತಿ ಮುಚ್ಚಿ ಇನ್ನೊಂದು ತೆಗೆಯಿರಿ. ಎರಡರ ನಡುವಿನ ವ್ಯತ್ಯಾಸವನ್ನು ಸಿವಿಲ್ ವಿಭಾಗದವರಿಗೆ ಕಳಿಸಿಕೊಡಿ.