ಕಂಬದ ಬುಡದಲ್ಲಿ ನಿಂತ ಮಕ್ಕಳು

ಕಳೆದ ತಿಂಗಳು ಉಪನಗರದ ಮೈದಾನವೊಂದರಲ್ಲಿ ನಡೆದ ಮಲ್ಲಕಂಬ ಪ್ರದರ್ಶನಕ್ಕೆ ನಮ್ಮ ಸಂಘದ ಹಲವು ಕುಟುಂಬಗಳು ಮಕ್ಕಳೊಡನೆ ಹೋಗಿದ್ದವು. ಹರಳೆಣ್ಣೆ ಸವರಿದ ಕಂಬದ ಮೇಲೆ ಹುಡುಗರು ತೋರಿದ ಆಸನಗಳೂ, ಗಂಟಿಲ್ಲದ ಹಗ್ಗವನ್ನು ಮೈಗೆ ಸುತ್ತಿಕೊಂಡು ಹುಡುಗಿಯರು ನಿಂತ ಬಗೆಯೂ ನಿಜಕ್ಕೂ ಶ್ಲಾಘನೀಯ. ಮಲ್ಲಕಂಬದ ಮೊದಲ ವಿಶ್ವ ಸ್ಪರ್ಧೆ 2019ರಲ್ಲಿ ನಡೆದದ್ದು ಈ ಮುಂಬಯಿಯಲ್ಲೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲೂ ಜಟ್ಟಿಗಳ ಕಂಬದ ಅಭ್ಯಾಸದ ಪ್ರಸ್ತಾಪವಿದೆ, ಕನ್ನಡಿಗರಿಗೆ ಇದು ಪರಕೀಯ ವಿದ್ಯೆಯಲ್ಲ.

ಪ್ರದರ್ಶನ ಮುಗಿದೊಡನೆ ಹೆಸರು ಬರೆಸಲು ತಾಯಂದಿರು ಸಾಲುಗಟ್ಟಿದರು. ಹೊಸಬರನ್ನು ಸೆಳೆಯುವುದರಲ್ಲಿ ಸಂಘಟಕರು ಗೆದ್ದರು. ಆದರೆ ಉಳಿಸಿಕೊಳ್ಳುವುದರಲ್ಲಿ? ಹೋದ ವರ್ಷ ಸೇರಿದ್ದ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮಳೆಗಾಲಕ್ಕೆ ಮೊದಲೇ ಬಿಟ್ಟರು. ಕಾರಣ ಕೇಳಿದರೆ, “ನಮ್ಮ ಸರದಿಯೇ ಬರುವುದಿಲ್ಲ” ಎನ್ನುತ್ತಾರೆ. ಒಂದು ಕಂಬ, ಮೂವತ್ತು ಮಕ್ಕಳು. ಪಂದ್ಯಕ್ಕೆ ಅಣಿಯಾಗುವವರಿಗೆ ಕಂಬ. ಉಳಿದವರಿಗೆ ಬುಡದಲ್ಲಿ ನಿಂತು ನೋಡುವ ಭಾಗ್ಯ.

ಈ ವಿದ್ಯೆಯ ಮೊದಲ ಪಾಠವೇ ಕಠಿಣ. ತೊಡೆ, ಪಾದಗಳಿಂದ ಕಂಬವನ್ನು ಅವುಚಿ ಹಿಡಿಯಬೇಕು. ಚರ್ಮ ಉರಿಯುತ್ತದೆ, ಮೈ ಜಾರುತ್ತದೆ. ಆಗ ಗುರುಗಳು ಪಕ್ಕದಲ್ಲಿ ನಿಂತು, “ನಿನ್ನೆಗಿಂತ ಇವತ್ತು ಒಂದು ಗೇಣು ಮೇಲೆ ಹೋದೆ” ಎಂದರೆ ಸಾಕು, ಮಗು ನಾಳೆಯೂ ಬರುತ್ತದೆ.

ಹೊಸಬರಿಗಾಗಿ ಗಿಡ್ಡ ಕಂಬವೊಂದನ್ನು ನೆಡಲಿ. ಸೇರಿ ಮೂರು ತಿಂಗಳಾದವರಿಗೂ ಪ್ರದರ್ಶನದಲ್ಲಿ ಒಂದು ಸರದಿ ಸಿಗಲಿ. ತಾಯ್ತಂದೆಯರಾದ ನಾವೂ ಆರು ತಿಂಗಳಿಗೇ ಪದಕ ಕೇಳುವುದನ್ನು ಬಿಡೋಣ. ಈ ಸಲ ಹೆಸರು ಬರೆಸಿದ ಮಕ್ಕಳನ್ನೇ ಮುಂದಿನ ವರ್ಷ ಕಂಬದ ಮೇಲೆ ಕಾಣುವಂತಾಗಲೆಂದು ನಮ್ಮ ಹಾರೈಕೆ.