ತೆಳುಗೂದಲಿಗೆ ತಲೆ ಎರೆಯುವ ಪದ್ಧತಿ ಎಷ್ಟು ಹಿತ?

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಂಥ ಎರಿಸೀಮೆಯ (ಕಪ್ಪುಮಣ್ಣಿನ ಸೀಮೆಯ) ಊರುಗಳಲ್ಲಿ ಹೆಣ್ಣುಮಕ್ಕಳು ತಲೆ ಎರೆದುಕೊಳ್ಳುವುದಕ್ಕೆ ಒಂದು ಕ್ರಮವಿದೆ. ಮೊದಲು ತಲೆತುಂಬ ಎಣ್ಣೆ, ಆಮೇಲೆ ಹಂಡೆಯ ಬಿಸಿನೀರು, ಸೀಗೆಕಾಯಿ ಇಲ್ಲವೇ ಅಂಟವಾಳದ ನೊರೆ, ಕೊನೆಗೆ ಬಿಸಿಲಿಗೆ ಒಣಗಿಸಿ ಬಿಗಿಯಾಗಿ ಹಾಕಿದ ಹೆರಳು. ಕಿರಾಣಿ ಅಂಗಡಿಯಲ್ಲಿ ಶಾಂಪೂ ಪಾಕೀಟುಗಳ ಸರ ತೂಗಾಡುತ್ತಿದ್ದರೂ ಈ ಕ್ರಮದ ಮೇಲಿನ ನಂಬಿಕೆ ಕರಗಿಲ್ಲ. ದಪ್ಪ ಕೂದಲಿನವರಿಗೆ ಅದು ಒಗ್ಗುತ್ತದೆ. ‘ಇಲಿಬಾಲದಂಥ ಹೆರಳು’ ಎಂದು ಮನೆಯವರಿಂದಲೇ ಅನ್ನಿಸಿಕೊಳ್ಳುವ ಹುಡುಗಿಗೆ ಎಷ್ಟು ಒಗ್ಗುತ್ತದೆ? ನನ್ನ ಅಭಿಪ್ರಾಯದಲ್ಲಿ ಪದ್ಧತಿಯ ತಿರುಳು ಸರಿಯಿದೆ. ಅಳತೆಯೂ ಕೈಯ ಬಿರುಸೂ ತಪ್ಪಿವೆ.

ಎಣ್ಣೆಯಿಂದಲೇ ಶುರು ಮಾಡೋಣ. ತೊಳೆಯುವ ಮೊದಲು ಎಣ್ಣೆ ಹಚ್ಚುವುದು ಜಾಣ ಕ್ರಮ. ನೀರು ಕುಡಿದ ಎಳೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಇದು ಮತ್ತೆಮತ್ತೆ ನಡೆದರೆ ಎಳೆ ಸವೆಯುತ್ತದೆ. ಕೊಬ್ಬರಿ ಎಣ್ಣೆ ಎಳೆಯ ಒಳಕ್ಕೆ ಇಳಿದು ಈ ಸವೆತವನ್ನು ತಗ್ಗಿಸುತ್ತದೆ. 2003ರಲ್ಲಿ ರೇಲೆ ಮತ್ತು ಮೋಹಿಲೆ ಪ್ರಕಟಿಸಿದ ಅಧ್ಯಯನದಲ್ಲಿ ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಮೂರನ್ನೂ ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಆದರೆ ಎಣ್ಣೆ ಹೆಚ್ಚಿದಷ್ಟೂ ಕೂದಲು ಬೆಳೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಕೂದಲು ಬೆಳೆಯುವುದು ಬುಡದಿಂದ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಔಡಲ ಎಣ್ಣೆ ಸುರಿದರೂ ಆ ಲೆಕ್ಕ ಬದಲಾಗುವುದಿಲ್ಲ. ಬದಲಿಗೆ ಆ ಜಿಗಟು ತೆಗೆಯಲು ಇನ್ನಷ್ಟು ತಿಕ್ಕಬೇಕು, ತಿಕ್ಕಿದಷ್ಟೂ ಸಣ್ಣ ಎಳೆ ತುಂಡಾಗುತ್ತದೆ. ತೆಳುಗೂದಲಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಸಾಕು. ಅದೂ ಉದ್ದಕ್ಕೆ, ತುದಿಗೆ. ತೊಳೆದ ಮೇಲೆ ಮತ್ತೆ ಎಣ್ಣೆ ಹಚ್ಚಿದರೆ ಎಳೆಗಳು ಒಂದಕ್ಕೊಂದು ಅಂಟಿ, ನೆತ್ತಿ ಕಾಣತೊಡಗುತ್ತದೆ.

ಸೀಗೆಕಾಯಿ, ಅಂಟವಾಳಗಳಿಗೆ ಈ ಸೀಮೆಯಲ್ಲಿ ವಿಶೇಷ ಬೆಲೆಯಿದೆ. ಇಲ್ಲಿ ಬೋರ್‌ವೆಲ್ ನೀರು ಹಲವೆಡೆ ಸವಳು. ಅಂಥ ನೀರಿಗೆ ಸಾಬೂನು ಸೇರಿದರೆ ಬಿಳಿಗರಿ ಕಟ್ಟಿ ಕೂದಲಿಗೆ ಅಂಟುತ್ತದೆ. ಸೀಗೆಯ ನೊರೆ ಹಾಗೆ ಗರಿ ಕಟ್ಟುವುದಿಲ್ಲ. ದೋಷವಿರುವುದು ತರಿತರಿ ಪುಡಿಯನ್ನು ನೇರ ತಲೆಗೆ ಹಾಕಿ ಉಜ್ಜುವುದರಲ್ಲಿ. ಕಾಯಿಯನ್ನು ನೆನೆಹಾಕಿ, ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನು ನೆತ್ತಿಗೆ ಹಾಕಿ ಬೆರಳ ತುದಿಯಿಂದ ಆಡಿಸಿದರೆ ಸಾಕು.

ಹಿಂದೆ ಎರಿಮಣ್ಣಿನಿಂದಲೂ ತಲೆ ತೊಳೆಯುತ್ತಿದ್ದರು. ಆ ಮಣ್ಣು ಎಣ್ಣೆ ಹೀರುತ್ತದೆ, ನಿಜ. ಆದರೆ ಅದು ಕ್ಷಾರೀಯ. ಎಳೆಯ ಮೇಲಿನ ಹುರುಪೆಗಳನ್ನು ಎಬ್ಬಿಸಿ ಒರಟಾಗಿಸುತ್ತದೆ. ತೆಳುಗೂದಲಿನವರು ಅದನ್ನು ಬಿಡುವುದೇ ಲೇಸು.

ಹೆಚ್ಚಿನ ಹಾನಿ ನಡೆಯುವುದು ಬಚ್ಚಲಿನಿಂದ ಹೊರಬಂದ ಮೇಲೆ. ಒದ್ದೆ ಕೂದಲು ಒಣಗೂದಲಿಗಿಂತ ಬಲಹೀನ. ಅದನ್ನೇ ನಾವು ಟವೆಲ್ಲಿನಿಂದ ಪಟಪಟನೆ ಝಾಡಿಸುತ್ತೇವೆ, ಸಿಕ್ಕಿಗೆ ನೆತ್ತಿಯಿಂದಲೇ ಸಣ್ಣಹಲ್ಲಿನ ಹಣಿಗೆ ಹಾಕಿ ಎಳೆಯುತ್ತೇವೆ. ಹಳೆಯ ಹತ್ತಿಬಟ್ಟೆಯಿಂದ ಒತ್ತಿ ನೀರು ತೆಗೆದು, ಅರೆ ಒಣಗಿದ ಮೇಲೆ ಅಗಲ ಹಲ್ಲಿನ ಹಣಿಗೆಯಿಂದ ತುದಿಯ ಸಿಕ್ಕು ಬಿಡಿಸುತ್ತ ಮೇಲಕ್ಕೆ ಹೋಗಬೇಕು. ಶಾಲೆಗೆ ಹೋಗುವ ಹುಡುಗಿಗೆ ದಿನವೂ ಕಣ್ಣು ಮೇಲೇಳುವಷ್ಟು ಬಿಗಿಯಾಗಿ ಎರಡು ಹೆರಳು ಹಾಕಿ, ರಿಬ್ಬನ್ನಿನಿಂದ ಮೇಲಕ್ಕೆ ಮಡಚಿ ಕಟ್ಟಿದರೆ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತದೆ. ವರ್ಷಗಟ್ಟಲೆ ಹೀಗೆ ಎಳೆದರೆ ಆ ಬುಡಗಳು ಮತ್ತೆ ಚಿಗುರದೆಯೂ ಹೋಗಬಹುದು.

ಹಾನಿ ಎಲ್ಲಿಂದ ಬಂತೆಂದು ತಿಳಿಯುವ ಪರೀಕ್ಷೆ ಮನೆಯಲ್ಲೇ ಇದೆ. ಬಾಚಿದ ಕೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿಗೆ ಸಿಕ್ಕಿಸಿ, ಕೂದಲು ಕೊಳ್ಳುವವರು ಬಂದಾಗ ಕೊಡುವ ರೂಢಿ ನಮ್ಮಲ್ಲಿದೆ. ಕೊಪ್ಪಳದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬೇರ್ಪಡಿಸಿ ಹದಮಾಡುವ ಉದ್ಯಮವೇ ಬೆಳೆದಿದೆ. ಕೊಡುವ ಮೊದಲು ಆ ಉಂಡೆಯನ್ನು ಬಿಡಿಸಿ ನೋಡಿ. ತುಂಡು ತುಂಡಾದ ಗಿಡ್ಡ ಎಳೆಗಳಿದ್ದರೆ ಅದು ಕೈಯ ಬಿರುಸಿನ ಫಲ. ಉದ್ದ ಎಳೆಯ ತುದಿಯಲ್ಲಿ ಬಿಳಿ ಬುಡವಿದ್ದರೆ ಅದು ಬೇರಿನಿಂದ ಉದುರಿದ್ದು. ದಿನಕ್ಕೆ 50ರಿಂದ 100 ಉದುರುವುದು ಸಹಜ. ಹೆರಿಗೆ, ಟೈಫಾಯ್ಡ್, ಡೆಂಗಿ ಆದ ಎರಡು ಮೂರು ತಿಂಗಳಿಗೆ ಮುಷ್ಟಿಗಟ್ಟಲೆ ಉದುರುವುದೂ ಉಂಟು. ಅದು ಬಹುಪಾಲು ತಾನಾಗಿಯೇ ನಿಲ್ಲುತ್ತದೆ.

ನಿಲ್ಲದಿದ್ದರೆ ಎಣ್ಣೆ ಬದಲಿಸುತ್ತ ಕೂರಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿತ್ತು. ರಕ್ತಹೀನತೆಗೆ ಮುಖ್ಯ ಕಾರಣವಾದ ಕಬ್ಬಿಣಾಂಶದ ಕೊರತೆ ಕೂದಲುದುರುವುದಕ್ಕೂ ಒಂದು ಕಾರಣ. ತಲೆ ಎರೆಯುವ ಪದ್ಧತಿ ಎಳೆಯನ್ನು ಕಾಯಬಲ್ಲದು, ರಕ್ತ ತುಂಬಲಾರದು. ಹೊಲ, ಮನೆ ಎರಡೂ ಕಡೆ ದುಡಿದು ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಹೆಣ್ಣುಮಗಳಿಗೆ ಹೆಸರುಕಾಳು, ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ ಪಾಲಿಗೆ ಬರುವಂತೆ ನೋಡಿಕೊಳ್ಳಬೇಕು. ಉಂಡ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲವೆಂದು ತಿಳಿಸಬೇಕು. ಹತ್ತಿರದ ಆರೋಗ್ಯ ಕೇಂದ್ರಕ್ಕೋ ಕುಂದಗೋಳದ ಆಸ್ಪತ್ರೆಗೋ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ಕೂದಲು ತೆಳುವಾಯಿತೆಂದು ಹಂಗಿಸುವ ಮನೆ ಮೊದಲು ಮಾಡಬೇಕಾದ ಕೆಲಸ ಇದೇ.