ಕೂಟಚಿತ್ರ ವಿವೇಚನೆ



‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕೃತಕ ಬುದ್ಧಿಮತ್ತೆಯು ಚಿತ್ರ ರಚಿಸುತ್ತಿರುವ ಈ ಕಾಲದಲ್ಲಿ ಮೊಬೈಲು ಹಿಡಿದ ಪ್ರತಿಯೊಬ್ಬರಿಗೂ ಇದು ನಿತ್ಯವ್ರತವಾಗಬೇಕು. ಆ ಯಂತ್ರವು ಅಸಂಖ್ಯ ಚಿತ್ರಗಳನ್ನೂ ಅವುಗಳ ವಿವರಣೆಗಳನ್ನೂ ಅಭ್ಯಸಿಸಿ, ಕೇಳಿದ ಮಾತಿಗೆ ಹೊಂದುವ ರೂಪವನ್ನು ಕಟ್ಟಿಕೊಡುತ್ತದೆ. ಅಲ್ಲಿ ಕಾಣುವ ಘಟನೆ ನಡೆದಿರಬೇಕೆಂಬ ನಿಯಮವಿಲ್ಲ. 2023ರ ನವೆಂಬರಿನಲ್ಲಿ ಕೊಡಗಿನವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ದೃಶ್ಯಕ್ಕೆ ಜೋಡಿಸಿ ಹರಡಲಾಯಿತು. ಇಂತಹ ಸೃಷ್ಟಿಯನ್ನು ವಿಚಾರಿಸದೆ ಮುಂದಕ್ಕೆ ಕಳಿಸಿದವನೂ ಪರರ ಮಾನಹಾನಿಯಲ್ಲಿ ಪಾಲುಗಾರನೇ ಸರಿ.

ನಕಲನ್ನು ಪರೀಕ್ಷಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಕುವಲಾಲಪುರವೆಂಬ ಕೋಲಾರವನ್ನು ಆಳಿದ ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ವಿದ್ವಾಂಸರಾದ ಫ್ಲೀಟರು ಕೂಟಶಾಸನಗಳೆಂದರೆ ನಕಲಿ ಶಾಸನಗಳೆಂದು ತಳ್ಳಿಹಾಕಿದರು. ಅಕ್ಷರದ ರೂಪವು ಹೇಳಿದ ಕಾಲಕ್ಕೆ ಸಲ್ಲುವುದೇ, ತಿಥಿವಾರಗಳು ಕೂಡುವುವೇ, ವಂಶಾವಳಿ ಒಪ್ಪುವುದೇ ಎಂಬುವೇ ಇಂತಹ ಪರೀಕ್ಷೆಯ ಒರೆಗಲ್ಲುಗಳು. ಅವುಗಳಲ್ಲಿ ಕೆಲವು ನೈಜವೆಂದು ಬೇರೆ ವಿದ್ವಾಂಸರು ವಾದಿಸಿದುದೂ ಉಂಟು. ಸುಳ್ಳನ್ನು ನಂಬುವುದು ಹೇಗೋ ನಿಜವನ್ನು ಸುಳ್ಳೆನ್ನುವುದೂ ಹಾಗೆಯೇ ದೋಷ. ತನ್ನ ದುಷ್ಕೃತ್ಯದ ನಿಜಚಿತ್ರವನ್ನು ‘ಯಂತ್ರದ ಸೃಷ್ಟಿ’ ಎಂದು ಜಾರಿಕೊಳ್ಳುವವನಿಗೆ ಈ ಎರಡನೆಯ ದೋಷವೇ ಆಶ್ರಯವಾಗುತ್ತದೆ.

ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ನಮ್ಮ ನಂಗಲಿಯ ಹೆಸರಿದೆ. ನಾಳೆ ‘ನಂಗಲಿಯಲ್ಲಿ ದೊರೆತ ವಿಷ್ಣುವರ್ಧನನ ಶಾಸನ’ ಎಂದು ಒಂದು ಚಿತ್ರ ನಿಮ್ಮ ಕೈಸೇರಿತೆನ್ನಿ. ಮೊದಲು ಅಕ್ಷರಗಳನ್ನು ನೋಡಿರಿ. ಯಂತ್ರವು ಅಕ್ಷರದಂತೆ ತೋರುವ, ಆದರೆ ಯಾವ ಲಿಪಿಗೂ ಸೇರದ ಗೆರೆಗಳನ್ನು ಬರೆಯುವುದುಂಟು. ಬೆರಳು, ನೆರಳು, ಕಂಬಗಳ ಸಾಲುಗಳಲ್ಲಿಯೂ ತಪ್ಪುವುದುಂಟು. ಆದರೆ ಯಂತ್ರ ಪಳಗಿದಂತೆಲ್ಲ ಈ ಕುರುಹುಗಳು ಮಾಯವಾಗುತ್ತವೆ. ದೋಷ ಕಾಣಲಿಲ್ಲವೆಂದ ಮಾತ್ರಕ್ಕೆ ಚಿತ್ರ ನಿಜವಾಗದು. ಆದಕಾರಣ ಮೂಲವನ್ನು ಕೇಳಿರಿ. ಚಿತ್ರ ತೆಗೆದವರು ಯಾರು? ಎಂದು? ಕಲ್ಲು ಯಾವ ಹೊಲದ ಬದುವಿನಲ್ಲಿದೆ? ಹೋಗಿ ಮುಟ್ಟಿ ನೋಡಬಹುದೇ? ರೈಸರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಅದರ ಪಾಠವಿದೆಯೇ? ಇಲ್ಲವಾದರೆ ಹೊಸದಾಗಿ ಓದಿದ ವಿದ್ವಾಂಸರಾರು? ಉತ್ತರ ದೊರೆಯುವವರೆಗೆ ನಂಬುವುದೂ ಬೇಡ, ಹಂಚುವುದೂ ಬೇಡ.

ಹಾಗಾದರೆ ಕಲ್ಪಿತ ಚಿತ್ರವೆಲ್ಲ ತ್ಯಾಜ್ಯವೇ? ಅಲ್ಲ. 12ನೆಯ ಶತಮಾನದಲ್ಲಿ ಛಾಯಾಚಿತ್ರವಿರಲಿಲ್ಲ. ನಾವು ಮನೆಯಲ್ಲಿಟ್ಟು ಗೌರವಿಸುವ ಬಸವಣ್ಣನವರ ಪಟವೂ ಕಲಾವಿದನ ಭಾವದಿಂದ ಮೂಡಿದುದೇ. ಅದು ‘ನಾನು ಸಾಕ್ಷಿ’ ಎನ್ನುವುದಿಲ್ಲ, ಭಾವವನ್ನು ಮಾತ್ರ ಎಚ್ಚರಿಸುತ್ತದೆ. ಯಂತ್ರ ಬರೆದ ಚಿತ್ರವೂ ತನ್ನ ಹುಟ್ಟನ್ನು ಮರೆಮಾಚದಿದ್ದರೆ ಸುಳ್ಳಲ್ಲ. ಆದರೂ ಇಷ್ಟಲಿಂಗವು ಎಡದ ಅಂಗೈಯಲ್ಲಿದೆಯೇ, ವಿಭೂತಿ ರುದ್ರಾಕ್ಷಿಗಳು ಕ್ರಮದಲ್ಲಿವೆಯೇ ಎಂದು ಆಚಾರ ಬಲ್ಲ ಕಣ್ಣು ಪರೀಕ್ಷಿಸಬೇಕು. ಅದಕ್ಕೆ ‘ಶರಣರ ನಿಜರೂಪ’ ಎಂಬ ಹೆಸರು ಹಚ್ಚಿದೊಡನೆ ಅದು ಕೂಟಚಿತ್ರ.

ಆದ್ದರಿಂದ ಚಿತ್ರವೊಂದು ಬಂದಾಗ ಅದು ಭಾವವೋ ಸಾಕ್ಷಿಯೋ ಎಂದು ಮೊದಲು ಕೇಳಿರಿ. ಭಾವವಾದರೆ ಔಚಿತ್ಯವನ್ನು ನೋಡಿರಿ. ಸಾಕ್ಷಿಯಾದರೆ ಮೂಲವನ್ನು ಬೇಡಿರಿ. ಈ ವಿವೇಕವನ್ನು ಮನೆಯ ಮಕ್ಕಳಿಗೂ ಕಲಿಸಿರಿ. ಸತ್ಯಶುದ್ಧ ಕಾಯಕವೆಂಬುದು ಕಣ್ಣಿಗೂ ಬೆರಳಿಗೂ ಸಲ್ಲುವ ಮಾತು.